ನಕ್ಷೆಯಲ್ಲಿಯೇ ಕಾಣುವ ಅಪಘಾತ



ರಸ್ತೆಯಲ್ಲಿ ಒಬ್ಬರು ಮಡಿದರೆ ಹಣೆಬರಹವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಆ ಬರಹದ ಎಷ್ಟೋ ಭಾಗವು ಇಂಜಿನಿಯರರ ನಕ್ಷೆಯಲ್ಲಿಯೇ ಮೂಡಿರುತ್ತದೆ.

ಹೊಸ ಬಡಾವಣೆಯಲ್ಲಿ ದಾರಿಗಳು ಕೂಡುವ ಸ್ಥಳವನ್ನು ನೋಡಿರಿ. ಹೋಗುವುದಕ್ಕೊಂದು, ಬರುವುದಕ್ಕೊಂದು ಸಾಲಿರುವ ನಾಲ್ಕು ದಾರಿಗಳು ಕೂಡುವಲ್ಲಿ, ವಾಹನಗಳು ಒಂದಕ್ಕೊಂದು ಅಡ್ಡಬರುವ, ಸೇರುವ, ಅಗಲುವ ತಾಣಗಳು 32. ಮೂರು ದಾರಿಗಳು ಕೂಡುವಲ್ಲಿ 9 ಮಾತ್ರ. ನಾಲ್ಕು ದಾರಿಗಳ ನಡುವೆ ವೃತ್ತವೊಂದನ್ನು ಕಟ್ಟಿ ಎಲ್ಲರೂ ಸುತ್ತಿ ಸಾಗುವಂತೆ ಮಾಡಿದರೆ ಅವು 8ಕ್ಕೆ ಇಳಿಯುತ್ತವೆ. ವ್ಯಾಕರಣದ ಲೋಪಸಂಧಿಯಲ್ಲಿ ಹೋಗುವುದು ಒಂದು ಸ್ವರ. ರಸ್ತೆಯ ಸಂಧಿಯಲ್ಲಿ ಪ್ರಾಣ! ಈ ಎಣಿಕೆಗೆ ವಾಹನಗಳ ಸಂಖ್ಯೆ, ವೇಗಗಳನ್ನು ಕೂಡಿಸಿ, ಹಳೆಯ ರಸ್ತೆಗಳ ಅನುಭವದೊಡನೆ ಹೋಲಿಸಿ, ಇನ್ನೂ ಜಲ್ಲಿ ಬೀಳದ ರಸ್ತೆಯಲ್ಲಿ ವರ್ಷಕ್ಕೆ ಎಷ್ಟು ಅಪಘಾತಗಳಾದಾವೆಂದು ಅಂದಾಜು ಮಾಡುವ ಕ್ರಮವುಂಟು. ಅಮೆರಿಕೆಯಲ್ಲಿ 2010ರಲ್ಲಿ ಇದಕ್ಕೆಂದೇ ಕೈಪಿಡಿಯೊಂದು ಹೊರಬಂದಿತು. ಅದೇ ವರ್ಷ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಹ ರಸ್ತೆ ಸುರಕ್ಷತೆಯ ತಪಾಸಣೆಗೆ ಕೈಪಿಡಿಯನ್ನು ಪ್ರಕಟಿಸಿತು.

ಆದರೆ ಪರದೇಶದ ಲೆಕ್ಕ ಆದವಾನಿಗೆ ಹಾಗೆಯೇ ಒಪ್ಪುವುದಿಲ್ಲ. ಹತ್ತಿಯ ಸುಗ್ಗಿಯಲ್ಲಿ ಇಲ್ಲಿ ಲಾರಿ, ಟ್ರ್ಯಾಕ್ಟರು, ಎತ್ತಿನ ಬಂಡಿ, ಆಟೋಗಳೆಲ್ಲ ಒಂದೇ ದಾರಿ ಹಿಡಿಯುತ್ತವೆ. ಆಲೂರಿನ ಕಡೆಯಿಂದ ಬರುವ 167ನೆಯ ರಾಷ್ಟ್ರೀಯ ಹೆದ್ದಾರಿಯ ವೇಗವೇ ಬೇರೆ. ವೇಗ ಇಮ್ಮಡಿಯಾದರೆ ಢಿಕ್ಕಿಯ ಶಕ್ತಿ ನಾಲ್ಮಡಿಯಾಗುವುದು. ಬೇಸಗೆಯ ಬಿಡುವಿನಲ್ಲಿ ವಾಹನಗಳನ್ನಷ್ಟೇ ಎಣಿಸಿ ಹೋದರೆ, ಪುಸ್ತಕದ ಚೀಲ ಹೊತ್ತು ರಸ್ತೆ ದಾಟುವ ಮಕ್ಕಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಆದುದರಿಂದ ಹತ್ತಿಯ ಸುಗ್ಗಿಯಲ್ಲಿ, ಶಾಲೆಯ ಗಂಟೆ ಬಾರಿಸುವ ಹೊತ್ತಿನಲ್ಲಿ ಎಣಿಕೆ ನಡೆಯಲೆಂದು ನಾವು ಕೇಳಬೇಕು. ನಮ್ಮ ಮಕ್ಕಳು ರಸ್ತೆ ದಾಟುವ ತಾಣಗಳನ್ನು ಗುರುತಿಸಿ, ತೆಲುಗಿನಲ್ಲಿಯೂ ಬರೆದು, ಪುರಸಭೆಗೆ ಒಪ್ಪಿಸೋಣ.