ಬೋರ್‌ಘಾಟಿನ ಹಾದಿ ಕಟ್ಟಿದವರು
(ಕುಕ್ಕುಂದೂರಿನಲ್ಲಿ ಕಾರ್ಮಿಕರು ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಕಳದ ಬೆಟ್ಟದ ಮೇಲೆ 42 ಅಡಿ ಎತ್ತರದ ಗೊಮ್ಮಟ ನಿಂತಿದ್ದಾನೆ. 1432ರಲ್ಲಿ ಅವನನ್ನು ನಿಲ್ಲಿಸಿದ ಅರಸ ವೀರಪಾಂಡ್ಯನ ಹೆಸರು ಎಲ್ಲರಿಗೂ ಗೊತ್ತು. ಆ ಕಲ್ಲನ್ನು ಬೆಟ್ಟಕ್ಕೆ ಎಳೆದು ತಂದವರ ಹೆಸರು ಕೇಳಿದರೆ ಹೇಳುವವರಿಲ್ಲ. ಇವತ್ತು ನಾವು ಹೇಳಹೊರಟಿರುವುದು ಇಂಥದೇ ಇನ್ನೊಂದು ಕತೆ.

ನಮ್ಮ ಕಡೆಯ ಎಷ್ಟೋ ಮನೆಗಳ ಹುಡುಗರು ಹೋಟೆಲಿನ ಕೆಲಸಕ್ಕೆಂದು ಮುಂಬಯಿಗೆ ಹೋದವರು. ಕೊಂಕಣ ರೈಲು ಬರುವ ಮೊದಲು ಕೆಲವರು ಮಂಗಳೂರಿನಿಂದ ಹಡಗು ಹತ್ತಿದರು, ಕೆಲವರು ಘಟ್ಟ ಹತ್ತಿ ಪೂನಾದ ಮೇಲೆ ರೈಲಿನಲ್ಲಿ ಹೋದರು. ಪೂನಾ ದಾರಿಯಲ್ಲಿ ಹೋದವರೆಲ್ಲ ಬೋರ್‌ಘಾಟನ್ನು ಇಳಿದೇ ಹೋಗಿದ್ದಾರೆ. ಕತ್ತಲೆಯ ಸುರಂಗ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಆ ಹಾದಿಯನ್ನು ಯೋಚಿಸಿದ ಇಂಜಿನಿಯರನ ಹೆಸರು ಜೇಮ್ಸ್ ಜಾನ್ ಬರ್ಕ್ಲಿ.

ಬರ್ಕ್ಲಿ 1819ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ರೈಲು ವಿದ್ಯೆಯನ್ನು ಹೆಸರಾಂತ ರಾಬರ್ಟ್ ಸ್ಟೀಫನ್‌ಸನ್ನನ ಕೈಕೆಳಗೆ ಕಲಿತ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಕಂಪೆನಿ 1849ರಲ್ಲಿ ಅವನನ್ನು ಮುಖ್ಯ ಇಂಜಿನಿಯರನನ್ನಾಗಿ ನೇಮಿಸಿತು. 1850ರಲ್ಲಿ ಮುಂಬಯಿಗೆ ಬಂದಾಗ ಅವನಿಗೆ 30 ವರ್ಷ. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ, 21 ಮೈಲಿ ದೂರ, ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. 14 ಡಬ್ಬಿ, ಸುಮಾರು 400 ಅತಿಥಿಗಳು, ಮೂರು ಇಂಜಿನು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಈ ತಾರೀಖನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ಹಳಿ ಹಾಕಿದವರು ಯಾರೆಂದು ಮಕ್ಕಳೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆದರೆ ನಿಜವಾದ ಕಷ್ಟ ಮುಂದಿತ್ತು. ದಖ್ಖನಿನ ಹತ್ತಿ ಮುಂಬಯಿ ಬಂದರಿಗೆ ಬರಬೇಕಾದರೆ ಸಹ್ಯಾದ್ರಿಯನ್ನು ದಾಟಲೇಬೇಕು. ಕರ್ಜತ್ ಕಡೆಯಿಂದ ಲೋಣಾವಳದವರೆಗೆ, ಹದಿನೈದು ಮುಕ್ಕಾಲು ಮೈಲಿಯೊಳಗೆ 1,831 ಅಡಿ ಏರಬೇಕು. ಕೆಲವು ಕಡೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಎತ್ತಿನ ಗಾಡಿಗೆ ಇದು ದೊಡ್ಡ ಮಾತಲ್ಲ, ಕಬ್ಬಿಣದ ಹಳಿಯ ಮೇಲೆ ಜಾರುವ ಕಬ್ಬಿಣದ ಚಕ್ರಕ್ಕೆ ಬಹಳ ದೊಡ್ಡ ಮಾತು. ಬೆಟ್ಟದ ಒಂದು ಕಡೆ ಹಾದಿ ತಿರುಗಿಸಲು ಜಾಗವೇ ಇರಲಿಲ್ಲ. ಬರ್ಕ್ಲಿ ಅಲ್ಲಿ ಒಂದು ಉಪಾಯ ಮಾಡಿದ. ಗಾಡಿ ಅಲ್ಲಿಗೆ ಬಂದು ನಿಲ್ಲುತ್ತದೆ, ಇಂಜಿನನ್ನು ಹಿಂದಿನ ತುದಿಗೆ ಕಟ್ಟುತ್ತಾರೆ, ಗಾಡಿ ಬಂದ ದಿಕ್ಕಿಗೇ ಬೇರೆ ಹಳಿಯಲ್ಲಿ ಮೇಲೇರುತ್ತದೆ. 1929ರವರೆಗೂ ಈ ಏರ್ಪಾಟು ನಡೆಯಿತು. ಆತನ ಬುದ್ಧಿಯನ್ನು ನಾವು ಹೊಗಳಲೇಬೇಕು. ಈ ದೇಶದ ಗುತ್ತಿಗೆದಾರರಿಗೂ ಈ ಕೆಲಸ ಆಗುತ್ತದೆಂದು ನಂಬಿದವರಲ್ಲಿ ಅವನೂ ಒಬ್ಬ. ಜಮ್‌ಸೆಟ್‌ಜಿ ದೊರಾಬ್‌ಜಿ ಎಂಬ ಪಾರ್ಸಿ ಗುತ್ತಿಗೆದಾರ ಆ ಕಂಪೆನಿಯ ಎಷ್ಟೋ ಕೆಲಸಗಳನ್ನು ಮುಗಿಸಿಕೊಟ್ಟ.

ಇನ್ನು ಕಡಿದವರ ಮಾತು. ಕೆಲಸ ಶುರುವಾದದ್ದು 1856ರಲ್ಲಿ. ಡೈನಮೈಟ್ ಇನ್ನೂ ಹುಟ್ಟಿರಲಿಲ್ಲ. ಕಾಲಿಡಲು ಜಾಗವಿಲ್ಲದ ಬಂಡೆಗೆ ಮೇಲಿನಿಂದ ಹಗ್ಗದಲ್ಲಿ ಆಳನ್ನು ಇಳಿಬಿಡುತ್ತಿದ್ದರು. ಅವನು ತೂಗಾಡುತ್ತಲೇ ತೂತು ಕೊರೆಯಬೇಕು. ಮದ್ದು ತುಂಬಿ ಸಿಡಿಸಬೇಕು. ಸಿಡಿದ ಕಲ್ಲುಮಣ್ಣನ್ನು ಹೆಂಗಸರೂ ಮಕ್ಕಳೂ ಬುಟ್ಟಿಯಲ್ಲಿ ಹೊತ್ತರು. 1861ರಲ್ಲಿ ಆ ಘಾಟಿನಲ್ಲಿ 42,000 ಜನ ದುಡಿಯುತ್ತಿದ್ದ ಕಾಲವಿತ್ತು. ಕಾಲರಾ ಬಂದಾಗ ಬಿಡಾರಗಳೇ ಖಾಲಿಯಾದವು.

ಮೊದಲ ಗುತ್ತಿಗೆದಾರ ಫಾವಿಯೆಲ್ ಎಂಬವನು. ಅವನ ಕೆಳಗೆ ಒಳಗುತ್ತಿಗೆದಾರರು, ಅವರ ಕೆಳಗೆ ಮುಕಾದಮರು, ಎಲ್ಲರ ಕೆಳಗೆ ಕೂಲಿಯವನು. ಹಣ ಮೇಲಿನಿಂದ ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಸೋರಿತು. ಕೂಲಿ ಬಾಕಿ ಬೆಳೆಯಿತು. 1859ರಲ್ಲಿ ಜನ ಸಿಟ್ಟಿನಿಂದ ಎದ್ದರು, ದಂಗೆಯಾಯಿತು. ಅದೇ ವರ್ಷ ಫಾವಿಯೆಲ್ ಗುತ್ತಿಗೆ ಬಿಟ್ಟ. ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ದಿನಗಳಲ್ಲಿ ರೋಗದಿಂದ ಸತ್ತ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಬಿಡದೆ ತನ್ನ ಹೆಸರಿನಲ್ಲೇ ಮುಗಿಸಿದಳು.

ಕೂಲಿ ಕೇಳಿದವರಿಗೆ ಸರಕಾರ ಏನು ಕೊಟ್ಟಿತು? 1860ರಲ್ಲಿ ಒಂದು ಕಾಯಿದೆ ಬಂತು. ರೈಲ್ವೆಯಂಥ ಕೆಲಸಗಳ ಕೂಲಿ ತಕರಾರನ್ನು ಮ್ಯಾಜಿಸ್ಟ್ರೇಟರು ಬೇಗ ತೀರ್ಮಾನಿಸಲಿ ಎಂದಿತು ಅದು. ಜೊತೆಗೇ, ಒಪ್ಪಿಕೊಂಡ ಕೆಲಸ ಬಿಟ್ಟುಹೋದ ಕೂಲಿಯವನು ಅಪರಾಧಿ ಎಂದಿತು. ಈ ಕಾಯಿದೆ ರದ್ದಾಗಲು 1932 ಬರಬೇಕಾಯಿತು. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕೆಂಬ ವೇತನ ಪಾವತಿ ಕಾಯಿದೆ ಬಂದದ್ದು 1936ರಲ್ಲಿ.

ಅಂಗಡಿ ಇಟ್ಟ ಬಂಧುಗಳು ಇನ್ನೊಂದು ಲೆಕ್ಕ ಕೇಳಬೇಕು. ಈ ಕಂಪೆನಿಯ ಬಂಡವಲಕ್ಕೆ ಶೇಕಡ 5ರ ಬಡ್ಡಿಯ ಭರವಸೆ ಇತ್ತು. ರೈಲು ಅಷ್ಟು ಗಳಿಸದಿದ್ದರೆ ಕಡಮೆ ಬಿದ್ದದ್ದನ್ನು ಈ ದೇಶದ ತೆರಿಗೆಯಿಂದ ತುಂಬಬೇಕು. ನಿಮ್ಮಲ್ಲಿ ಯಾರಿಗಾದರೂ ಇಂಥ ಅಂಗಡಿ ಸಿಕ್ಕಿದೆಯೆ? ಲಾಭ ಬಂದರೆ ಧಣಿಗೆ, ನಷ್ಟ ಬಂದರೆ ಊರಿಗೆ!

ಬರ್ಕ್ಲಿ ತನ್ನ ಕೆಲಸ ಮುಗಿದದ್ದನ್ನು ನೋಡಲಿಲ್ಲ. ಆರೋಗ್ಯ ಕೆಟ್ಟು 1861ರಲ್ಲಿ ಇಂಗ್ಲೆಂಡಿಗೆ ಮರಳಿದ, 1862ರ ಆಗಸ್ಟಿನಲ್ಲಿ ತೀರಿಕೊಂಡ. ವಯಸ್ಸು 42. ಘಾಟಿನ ಹಾದಿ ತೆರೆದದ್ದು 1863ರ ಏಪ್ರಿಲಿನಲ್ಲಿ. ಹೀಗೆ ನೋಡಿದರೆ ಆ ಬೆಟ್ಟ ಇಂಜಿನಿಯರನನ್ನೂ ತಿಂದಿತು, ಗುತ್ತಿಗೆದಾರನನ್ನೂ ತಿಂದಿತು, ಕೂಲಿಯವನನ್ನೂ ತಿಂದಿತು. ಸಾವು ಭೇದ ಮಾಡಲಿಲ್ಲ. ಭೇದ ಮಾಡಿದ್ದು ಲೆಕ್ಕದ ಪುಸ್ತಕ. ಇಬ್ಬರ ಹೆಸರು ಅದರಲ್ಲಿ ಉಳಿಯಿತು, ಮೂರನೆಯವನದು ಬರೇ ಸಂಖ್ಯೆಯಾಯಿತು.

ಇದು ಹಳೆಯ ಕತೆ ಎನ್ನಬೇಡಿ. ಕಳೆದ ಮಳೆಗಾಲದ ಮೊದಲು ಒಂದು ಕಟ್ಟಡದ ಕೆಲಸಕ್ಕೆ ಬಯಲುಸೀಮೆಯಿಂದ ಬಂದ ಹನ್ನೊಂದು ಜನ ನಮ್ಮ ಹತ್ತಿರ ಬಂದರು. ಮೇಸ್ತ್ರಿ ಮೂರು ವಾರದ ಕೂಲಿ ಬಾಕಿ ಇಟ್ಟು ನಾಪತ್ತೆ. ಕಟ್ಟಡದವರನ್ನು ಕೇಳಿದರೆ, ‘ಮೇಸ್ತ್ರಿಗೆ ಕೊಟ್ಟಾಗಿದೆ’ ಎಂದರು. ಅವರ ಜೊತೆಗೆ ಅವರಿಗೆ ಅಕ್ಕಿ, ಎಣ್ಣೆ ಸಾಲ ಕೊಟ್ಟ ಅಂಗಡಿಯವರೂ ಪಟ್ಟಿ ಹಿಡಿದು ಬಂದಿದ್ದರು. ಆ ದಿನ ನಮಗೆ ಒಂದು ಮಾತು ಚೆನ್ನಾಗಿ ತಿಳಿಯಿತು. ಕೂಲಿಯವನ ಬಾಕಿ ಅವನಲ್ಲಿಗೇ ನಿಲ್ಲುವುದಿಲ್ಲ, ಅಂಗಡಿಯ ಕಡತಕ್ಕೂ ಹತ್ತುತ್ತದೆ. ಆದ್ದರಿಂದಲೇ ಈ ಎರಡು ವರ್ಗದವರನ್ನು ಇಂದು ಒಂದೇ ಚಾಪೆಯ ಮೇಲೆ ಕೂರಿಸಿದ್ದೇವೆ. ಎರಡು ತಿಂಗಳು ಅಲೆದ ಮೇಲೆ ಎರಡು ವಾರದ ಕೂಲಿ ಸಿಕ್ಕಿತು. ಮೂರನೆಯ ವಾರದ್ದು ಇನ್ನೂ ಸಿಕ್ಕಿಲ್ಲ.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. 741 ಕಿಲೋಮೀಟರ್ ಹಾದಿ. ಅದಕ್ಕಾಗಿ ಮಧು ದಂಡವತೆ, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇಬ್ಬರೂ ರೈಲ್ವೆ ಮಂತ್ರಿಗಳಾಗಿ ದುಡಿದರು. ಅದೇ ಜಾರ್ಜ್ 1974ರ ಮೇ ತಿಂಗಳಲ್ಲಿ ರೈಲ್ವೆ ಕೆಲಸಗಾರರ ಮುಷ್ಕರದ ಮುಂದೆ ನಿಂತಿದ್ದರು. ಹಾದಿಯೂ ಬೇಕು, ಹಾದಿ ಕಟ್ಟಿದವನ ಕೂಲಿಯೂ ಬೇಕು. ಒಂದು ಬಂದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಕೊನೆಗೆ ಒಂದೇ ಕೆಲಸ ಹೇಳುತ್ತೇವೆ. ನಾಳೆಯಿಂದ ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಡಿ. ಮಾಡಿದ ದಿನ, ಕೊಟ್ಟ ಕೂಲಿ, ಉಳಿದ ಬಾಕಿ ಬರೆಯಿರಿ. ಬರೆಯಲು ಬಾರದವರಿಗೆ ಪಕ್ಕದ ಅಂಗಡಿಯವರು ಬರೆದುಕೊಡಿ. ಬೋರ್‌ಘಾಟಿನವರ ಕೈಯಲ್ಲಿ ಆ ಪುಸ್ತಕ ಇರಲಿಲ್ಲ. ನಮ್ಮ ಕೈಯಲ್ಲಿ ಇರಲಿ.