ನೆಗೆಟಿವ್‌ಗಳ ಸಂರಕ್ಷಣೆ
(ಬೀದರದ ಗಾಂಧಿ ಗಂಜದಲ್ಲಿ ಮಾಡಿದ ಭಾಷಣ)



ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡವನ್ನು ಕಲಿಸಿದ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರ ಆ ಕಾಲವನ್ನು ಕಂಡವರು ಇಂದು ವಿರಳರು. 1948ರ ವಿಲೀನ, 1956ರ ಏಕೀಕರಣಗಳನ್ನು ಕಂಡ ಎಷ್ಟೋ ಮುಖಗಳು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ನೆಗೆಟಿವ್‌ಗಳಾಗಿ ಅಡಗಿರಬಹುದು.

ಆದರೆ ಫಿಲ್ಮು ಶಾಶ್ವತವಲ್ಲ. ಅಸಿಟೇಟ್ ಫಿಲ್ಮು ಸೆಕೆ ಹಾಗೂ ತೇವಗಳಿಂದ ಕೆಡತೊಡಗಿದರೆ ವಿನೆಗರಿನಂಥ ಹುಳಿವಾಸನೆ ಬೀರುತ್ತದೆ. ಬಳಿಕ ಕುಗ್ಗಿ ಸುರುಟಿಕೊಳ್ಳುತ್ತದೆ. ವಾಸನೆ ಬಂದುದನ್ನು ಉಳಿದವುಗಳಿಂದ ಬೇರ್ಪಡಿಸಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸತಕ್ಕದ್ದು.

ಫಿಲ್ಮ್ ಸ್ಕ್ಯಾನರು ನೆಗೆಟಿವಿನ ಮೂಲಕ ಬೆಳಕನ್ನು ಹಾಯಿಸಿ ಅದರ ಛಾಯೆಯನ್ನು ಅಂಕಿಗಳಾಗಿ ಓದುತ್ತದೆ. 35 ಮಿ.ಮೀ. ಫಿಲ್ಮಿನ ಒಂದು ಚಿತ್ರದ ಅಳತೆ 24×36 ಮಿ.ಮೀ.; ಅಂಗುಲಕ್ಕೆ 4000 ಬಿಂದುಗಳಂತೆ ಓದಿದರೆ ಸುಮಾರು 2 ಕೋಟಿ ಬಿಂದುಗಳು ದೊರೆಯುತ್ತವೆ. ಧೂಳನ್ನು ತಾನೇ ಅಳಿಸುವ ಅವಕೆಂಪು ಕಿರಣದ ಸೌಕರ್ಯವು ಕಪ್ಪು-ಬಿಳುಪು ಫಿಲ್ಮಿಗೆ ಸಲ್ಲದು. ಅದರ ಬೆಳ್ಳಿಯ ಕಣಗಳು ಆ ಕಿರಣವನ್ನು ತಡೆಯುವುದರಿಂದ ಯಂತ್ರವು ಚಿತ್ರವನ್ನೇ ಧೂಳೆಂದು ಬಗೆಯುತ್ತದೆ. ಆದುದರಿಂದ ಮೊದಲೇ ಮೃದುವಾದ ಕುಂಚದಿಂದ ಧೂಳನ್ನು ತೆಗೆಯಬೇಕು. ಟಿಫ್ ರೂಪದ ಪ್ರತಿಗಳನ್ನು ಎರಡು ಮೂರು ಕಡೆ ಇರಿಸಿರಿ, ಮೂಲವನ್ನು ಎಸೆಯಬೇಡಿರಿ.

ಯಂತ್ರವು ಮುಖವನ್ನು ತೋರಿಸೀತು, ಹೆಸರನ್ನು ಹೇಳಲಾರದು. ಹಿರಿಯರು ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ಹೆಸರು, ಊರು, ವರ್ಷಗಳನ್ನು ಬರೆದಿಡಿರಿ. ಹೆಸರಿಲ್ಲದ ಚಿತ್ರವು ಮೊಮ್ಮಕ್ಕಳಿಗೆ ಅಪರಿಚಿತರ ಚಿತ್ರವೇ ಸರಿ.