ಬಾಲನಟನ ಶಿಕ್ಷಣ



ನಮ್ಮ ಕೊಣ್ಣೂರ ಗೋಕಾಕದ ಜಲಪಾತಕ್ಕೆ ಸಮೀಪದ ಊರೆಂದು ಹೊರಗಿನವರಿಗೆ ಪರಿಚಿತವಾದುದು. ನಾಟಕಪ್ರಿಯರಿಗಾದರೋ ಶಿವಮೂರ್ತಿಸ್ವಾಮಿ ಕಣಬರ್ಗಿಮಠ ಅವರ ಕೊಣ್ಣೂರ ಕಂಪನಿಯಿಂದ ಪರಿಚಿತವಾದುದು. ಇಂತಹ ವೃತ್ತಿಮಂಡಳಿಗಳೇ ಒಂದು ಕಾಲದಲ್ಲಿ ಬಾಲನಟರ ಪಾಠಶಾಲೆಗಳಾಗಿದ್ದುವು. ಲೋಹಿತಾಶ್ವ, ಪ್ರಹ್ಲಾದ, ಬಾಲಕೃಷ್ಣ ಮೊದಲಾದ ಪಾತ್ರಗಳೇ ಅಲ್ಲಿಯ ಮೊದಲ ತರಗತಿ. ಹಾಡು, ಸ್ಪಷ್ಟವಾದ ಉಚ್ಚಾರಣೆ, ಕಡೆಯ ಸಾಲಿನವರಿಗೂ ಮುಟ್ಟುವ ಕಂಠ, ಇವು ಪಠ್ಯವಿಷಯಗಳು. ಅಕ್ಷರವಿದ್ಯೆಯ ಗತಿಯೇನೆಂದು ಕೇಳುವವರು ಮಾತ್ರ ವಿರಳರಾಗಿದ್ದರು.

ಡಾ. ರಾಜಕುಮಾರರ ನಿದರ್ಶನವನ್ನೇ ನೋಡಬಹುದು. 1929ರಲ್ಲಿ ಜನಿಸಿದ ಮುತ್ತುರಾಜನು, ನಟರಾಗಿದ್ದ ತಂದೆ ಪುಟ್ಟಸ್ವಾಮಯ್ಯನವರನ್ನು ಅನುಸರಿಸಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದನು. ಶಾಲೆಯ ಓದು ಎಳವೆಯಲ್ಲಿಯೇ ನಿಂತಿತು. 1942ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಸಣ್ಣ ಪಾತ್ರವೊಂದು ದೊರೆಯಿತು; ನಾಯಕಪಾತ್ರಕ್ಕಾಗಿ 1954ರ ‘ಬೇಡರ ಕಣ್ಣಪ್ಪ’ದವರೆಗೆ, ಎಂದರೆ ಹನ್ನೆರಡು ವರ್ಷ, ಕಾಯಬೇಕಾಯಿತು.

1975ರಲ್ಲಿ ಜನಿಸಿದ ಅವರ ಕಿರಿಯ ಮಗನಿಗೆ ಮೊದಲಿದ್ದ ಹೆಸರು ಲೋಹಿತ, ಮುಂದೆ ಪುನೀತ. ಆತನ ರಂಗಶಾಲೆ ತಂದೆಯ ಚಿತ್ರೀಕರಣದ ಅಂಗಳವೇ. ಕೈಗೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ ಕಾಣಿಸಿಕೊಂಡನು, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದ ತಂದೆಯ ಎದುರು ಪ್ರಹ್ಲಾದನಾದನು. ಆದರೆ 1985ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ‘ಬೆಟ್ಟದ ಹೂವು’ ಚಿತ್ರದಲ್ಲಿ ತಂದೆಯ ಆಸರೆಯಿಲ್ಲ; ಕಥಾಭಾರವೆಲ್ಲ ಬಾಲಕನ ಹೆಗಲ ಮೇಲೆ. ಬಡ ಹುಡುಗ ರಾಮು ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡುಹೂಗಳನ್ನು ತಂದುಕೊಟ್ಟು ಹಣ ಕೂಡಿಸುತ್ತಾನೆ. ಕೊನೆಗೆ ಆ ಹಣದಿಂದ ಮನೆಯವರಿಗೆ ಕಂಬಳಿ ತರುತ್ತಾನೆ. ಈ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು.

ನಾಟಕಶಾಲೆ ಕಲಿಸಿದುದು ದೂರದವನಿಗೆ ಕೇಳುವಂತೆ ನುಡಿಯುವುದನ್ನು. ಕ್ಯಾಮರಾ ಬೇಡುವುದು ಹತ್ತಿರದವನಿಗೆ ಕಾಣುವಂತೆ ಸುಮ್ಮನಿರುವುದನ್ನು. ಕಣ್ಣೀರಿನ ಪ್ರದರ್ಶನವಿಲ್ಲದೆ ಆಸೆಯನ್ನು ಬಿಟ್ಟುಕೊಡುವ ಬಾಲಕನ ಮುಖ ಈ ಎರಡನೆಯ ವಿದ್ಯೆಯ ಫಲ.

ಆದರೆ ವಿಚಾರಿಸಬೇಕಾದ ಮಾತೊಂದಿದೆ. ಪುಸ್ತಕ ದೊರೆಯದ ರಾಮುವಿಗಾಗಿ ಮರುಗುವ ನಾವು, ಪಾತ್ರಕ್ಕಾಗಿ ಶಾಲೆ ಬಿಡುವ ನಿಜವಾದ ಮಕ್ಕಳಿಗಾಗಿ ಮರುಗುವೆವೇ? ಬಾಲನಟನ ಕೀರ್ತಿ ಅಲ್ಪಾಯುವಾದುದು. ಕಂಠ ಒಡೆಯುತ್ತದೆ, ಮೀಸೆ ಮೂಡುತ್ತದೆ, ಜನ ಮರೆಯುತ್ತಾರೆ. ಪುನೀತರು 2002ರಲ್ಲಿ ‘ಅಪ್ಪು’ ಚಿತ್ರದ ನಾಯಕರಾಗಿ ಮರಳಿ, 2021ರಲ್ಲಿ ಅಕಾಲಮರಣಕ್ಕೀಡಾಗುವವರೆಗೆ ಜನಮನದಲ್ಲಿದ್ದರು. ಅಂತಹ ಮನೆತನದ ಬೆಂಬಲ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಆದುದರಿಂದ ತಾಯಿತಂದೆಗಳು ಮಗುವನ್ನು ರಂಗಕ್ಕೆ ಕಳುಹಿಸಲಿ, ಸಂತೋಷವೇ. ಆದರೆ ಪಾಟಿಚೀಲವನ್ನೂ ಜೊತೆಯಲ್ಲಿ ಕಳುಹಿಸಲಿ.